ಹಾಸನದಿಂದ ಬೆಂಗಳೂರಿಗೆ: ಫರ್ನಿಶ್ಡ್ ಮನೆ ಬಾಡಿಗೆಗೆ ಹಿಡಿಯುವುದು ಹೇಗೆ?

ಹಾಸನದಲ್ಲಿ ಬಾಡಿಗೆ ಮನೆ ಅಂದರೆ ನಾಲ್ಕು ಗೋಡೆ, ಒಂದು ಸಂಪು, ಮೇಲೊಂದು ಟ್ಯಾಂಕು. ಮಂಚ, ಬೀರು, ಗ್ಯಾಸ್ ಒಲೆ ಎಲ್ಲ ನಮ್ಮವೇ. ಕುವೆಂಪುನಗರದಲ್ಲೋ ವಿದ್ಯಾನಗರದಲ್ಲೋ ಓನರ್ ಕೆಳಗಿರುತ್ತಾರೆ, ನಾವು ಮೇಲಿರುತ್ತೇವೆ. ಎಷ್ಟೋ ವ್ಯವಹಾರ ಬಾಯಿಮಾತಲ್ಲೇ ಮುಗಿದುಹೋಗುತ್ತದೆ. ಬೆಂಗಳೂರಲ್ಲಿ ಕೆಲಸ ಸಿಕ್ಕಿ ಮನೆ ಹುಡುಕಲು ಕೂತಾಗ 'ಫುಲ್ಲಿ ಫರ್ನಿಶ್ಡ್' ಅನ್ನುವ ಮಾತು ಕಣ್ಣಿಗೆ ಬೀಳುತ್ತದೆ. ಸೂಟ್‌ಕೇಸ್ ಹಿಡಿದು ಹೋದರೆ ಸಾಕು, ಅಲ್ವಾ ಅನ್ನಿಸುತ್ತದೆ.

ಸಾಕು, ನಿಜ. ಆದರೆ ಆ ಮನೆಯ ಜೊತೆ ಇನ್ನೊಬ್ಬರ ಸಾಮಾನೂ ನಿಮ್ಮ ತಲೆಗೆ ಬರುತ್ತದೆ. ಖಾಲಿ ಮಾಡುವ ದಿನ ಅಡ್ವಾನ್ಸ್ ಹಣದ ಜಗಳ ಶುರುವಾಗುವುದು ಹೆಚ್ಚಾಗಿ ಆ ಸಾಮಾನಿನಿಂದಲೇ. ಹಾಗಾಗಿ ಇಲ್ಲಿ ಏರಿಯಾ ಹುಡುಕುವುದಕ್ಕಿಂತ ಸಾಮಾನಿನ ವಿಷಯಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಲೆಕ್ಕ: ನಿಮಗೆ ಫರ್ನಿಶ್ಡ್ ಬೇಕಾ?

ಬೆಂಗಳೂರಲ್ಲಿ ಮೂರು ಬಗೆ ಹೇಳುತ್ತಾರೆ. ಅನ್‌ಫರ್ನಿಶ್ಡ್ ಅಂದರೆ ಖಾಲಿ ಮನೆ. ಸೆಮಿ ಫರ್ನಿಶ್ಡ್ ಅಂದರೆ ಗೋಡೆ ಬೀರು, ಅಡುಗೆಮನೆ ಕಬೋರ್ಡು, ಫ್ಯಾನು, ಲೈಟು, ಹೆಚ್ಚೆಂದರೆ ಗೀಸರ್. ಫುಲ್ಲಿ ಫರ್ನಿಶ್ಡ್ ಅಂದರೆ ಇದರ ಮೇಲೆ ಮಂಚ, ಹಾಸಿಗೆ, ಸೋಫಾ, ಫ್ರಿಜ್, ವಾಷಿಂಗ್ ಮಷಿನ್, ಟಿವಿ. ಇದಕ್ಕೆ ಯಾವ ಕಾನೂನಿನ ಅಳತೆಯೂ ಇಲ್ಲ. ಒಬ್ಬ ಓನರ್‌ಗೆ ಎರಡು ಪ್ಲಾಸ್ಟಿಕ್ ಕುರ್ಚಿ ಒಂದು ಮಂಚ ಇದ್ದರೂ ಅದು ಫುಲ್ಲಿ ಫರ್ನಿಶ್ಡೇ. ಜಾಹೀರಾತಿನ ಪದ ಬಿಟ್ಟು 'ಏನೇನು ಇರುತ್ತೆ, ಪಟ್ಟಿ ಕಳಿಸಿ' ಅಂತ ಕೇಳಿ.

ಈಗ ದುಡ್ಡಿನ ಮಾತು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದೇ ಬೀದಿಯಲ್ಲಿ ಖಾಲಿ ಮನೆ ತಿಂಗಳಿಗೆ 18,000, ಅಂಥದ್ದೇ ಫರ್ನಿಶ್ಡ್ ಮನೆ 25,000. ವ್ಯತ್ಯಾಸ 7,000 ತಾನೇ ಅನ್ನಿಸುತ್ತದೆ. ಆದರೆ ಬೆಂಗಳೂರಲ್ಲಿ ಎಲ್ಲ ಲೆಕ್ಕವೂ 'ಇಷ್ಟು ತಿಂಗಳ ಬಾಡಿಗೆ' ಅಂತಲೇ ನಡೆಯುವುದು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿದುಕೊಳ್ಳುತ್ತಾರೆ. ಅಡ್ವಾನ್ಸ್ ಆರು ತಿಂಗಳದ್ದು ಅಂದರೂ ಅದೇ ಬಾಡಿಗೆಯ ಮೇಲೆ. ಅಂದರೆ ಸೋಫಾ, ಫ್ರಿಜ್ಜಿನ ಬೆಲೆ ಪ್ರತಿ ಲೆಕ್ಕದಲ್ಲೂ ಮತ್ತೆ ಮತ್ತೆ ಸೇರುತ್ತಾ ಹೋಗುತ್ತದೆ. 11 ತಿಂಗಳಿಗೆ ಬಾಡಿಗೆಯಲ್ಲೇ 77,000 ಹೆಚ್ಚು. ಬ್ರೋಕರ್ ಮತ್ತು ಪೇಂಟಿಂಗ್ ಸೇರಿ ಇನ್ನೊಂದು 14,000. ಒಟ್ಟು 91,000. ಇದರ ಮೇಲೆ ಅಡ್ವಾನ್ಸಿನಲ್ಲಿ 42,000 ಹೆಚ್ಚಾಗಿ ಸಿಕ್ಕಿಕೊಂಡಿರುತ್ತದೆ. ಗೋಡೆಗೆ ಬಳಿಯುವ ಬಣ್ಣಕ್ಕೂ ಸೋಫಾಗೂ ಏನು ಸಂಬಂಧ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಹಾಗಾದರೆ ಯಾರಿಗೆ ಇದು ಸರಿ? ಒಂದು ವರ್ಷದೊಳಗೆ ಊರು ಬದಲಾಗಬಹುದು ಅನ್ನುವವರಿಗೆ. ಒಬ್ಬರೇ ಹೋಗುವವರಿಗೆ. ಮೂರ್ನಾಲ್ಕು ಜನ ಸ್ನೇಹಿತರು ಹಂಚಿಕೊಂಡು ಇರುವವರಿಗೆ. ಎರಡು ವರ್ಷಕ್ಕಿಂತ ಜಾಸ್ತಿ ಇರುತ್ತೇವೆ ಅಂತ ಖಚಿತ ಇದ್ದರೆ ಸೆಮಿ ಫರ್ನಿಶ್ಡ್ ಹಿಡಿದು ಸಾಮಾನು ಕೊಳ್ಳುವುದು, ಅಥವಾ ರೆಂಟೊಮೋಜೋ, ಫರ್ಲೆಂಕೋ ಥರದ ಕಡೆ ತಿಂಗಳ ಬಾಡಿಗೆಗೆ ತರಿಸುವುದು ಲೇಸು. ಹೊಸದಾಗಿ ಮದುವೆಯಾದವರಿಗಂತೂ ಫರ್ನಿಶ್ಡ್ ಬೇಡವೇ ಬೇಡ. ಎರಡೂ ಕಡೆಯಿಂದ ಮಂಚ, ಬೀರು, ಕುಕ್ಕರ್ ಬಂದು ಬಿದ್ದಾಗ ಇಡಲು ಜಾಗ ಇರುವುದಿಲ್ಲ. ಹಾಸನದಿಂದ ಒಂದು ಟಾಟಾ ಏಸ್ ಮಾಡಿಕೊಂಡರೆ ಮನೆಯ ಸಾಮಾನು ಒಂದೇ ದಿನದಲ್ಲಿ ತಲುಪುತ್ತದೆ.

ಏರಿಯಾ: ಆಫೀಸಿನ ದಾರಿ ಮತ್ತು ಊರಿನ ದಾರಿ

ಎಲ್ಲರೂ ಆಫೀಸಿನ ಹತ್ತಿರ ಹುಡುಕಿ ಅನ್ನುತ್ತಾರೆ. ಹಾಸನದವರಿಗೆ ಇನ್ನೊಂದು ಲೆಕ್ಕವೂ ಇದೆ. ನಾವು ಶುಕ್ರವಾರ ರಾತ್ರಿ ಊರಿಗೆ ಹೊರಡುವ ಜನ. ಹಾಸನದ ಬಸ್ಸು ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ ಹಾದು ತುಮಕೂರು ರಸ್ತೆಯಲ್ಲೇ ಬೆಂಗಳೂರಿಗೆ ಬರುತ್ತದೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ರೈಲು ಮಾರ್ಗ ಶುರುವಾದ ಮೇಲೆ ಯಶವಂತಪುರಕ್ಕೆ ರೈಲಲ್ಲೂ ನೇರ ಬರಬಹುದು. ಬಸ್ಸಿರಲಿ ರೈಲಿರಲಿ, ನಮ್ಮ ಬಾಗಿಲು ನಗರದ ವಾಯವ್ಯ ಮೂಲೆಯಲ್ಲಿದೆ.

ಅದೇ ಮೂಲೆಯಲ್ಲಿ ಹಸಿರು ಮೆಟ್ರೋ ಓಡುತ್ತದೆ. 2024ರ ನವೆಂಬರ್‌ನಲ್ಲಿ ಅದು ಮಾದಾವರದವರೆಗೆ ಬಂತು. ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ, ಯಶವಂತಪುರ, ಮಹಾಲಕ್ಷ್ಮಿ, ರಾಜಾಜಿನಗರ ಎಲ್ಲ ಇದೇ ದಾರಿಯಲ್ಲಿವೆ. ಆಫೀಸು ವೈಟ್‌ಫೀಲ್ಡ್ ಕಡೆ ಇದ್ದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಎಲೆಕ್ಟ್ರಾನಿಕ್ ಸಿಟಿ ಆದರೆ ಆರ್‌ವಿ ರಸ್ತೆಯಲ್ಲಿ ಹಳದಿ ಮಾರ್ಗ ಹಿಡಿಯಬೇಕು. ಅದು 2025ರ ಆಗಸ್ಟ್‌ನಲ್ಲಿ ಶುರುವಾಯಿತು. ದಿನಾ ಅಷ್ಟು ದೂರ ಓಡಾಡುವುದು ಸುಲಭ ಅಂತ ನಾನು ಹೇಳುವುದಿಲ್ಲ. ವಾರಕ್ಕೆ ಐದು ದಿನ ಆಫೀಸಿಗೆ ಹೋಗಬೇಕಾದವರು ಆಫೀಸಿನ ಪಕ್ಕವೇ ಇರಲಿ. ಎರಡು ಮೂರು ದಿನ ಹೋದರೆ ಸಾಕು ಅನ್ನುವವರು ಹಸಿರು ಮಾರ್ಗದಲ್ಲಿ ಹುಡುಕಿದರೆ ಊರಿನ ದಾರಿ ಹಗುರ. ನಡುವಿನ ದಾರಿ ಬೇಕಿದ್ದರೆ ಮೆಜೆಸ್ಟಿಕ್ ದಾಟಿ ಜಯನಗರ, ಬನಶಂಕರಿ ಕಡೆ ನೋಡಬಹುದು.

ಮೆಟ್ರೋ ನಿಲ್ದಾಣದಿಂದ ಎಷ್ಟು ದೂರ ಅಂತ ಬ್ರೋಕರ್‌ನ ಕೇಳಬೇಡಿ. 'ಐದು ನಿಮಿಷ ಸಾರ್' ಅನ್ನುತ್ತಾನೆ. ನಡೆದು ನೋಡಿ.

ನೀರಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಏರಿಯಾ ಆರಿಸುವಾಗಲೇ ಕೇಳಬೇಕಾದದ್ದು ಅದು. ಕಾವೇರಿ ನೀರು ಬರುತ್ತದಾ, ಬೋರ್‌ವೆಲ್ಲಾ, ಟ್ಯಾಂಕರಾ? 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಎಷ್ಟೋ ಅಪಾರ್ಟ್‌ಮೆಂಟಿನವರು ಟ್ಯಾಂಕರ್‌ಗೆ ಕಾದು ಕೂತಿದ್ದರು. ಆ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಆದರೂ ಆ ಕಟ್ಟಡಕ್ಕೆ ಸಂಪರ್ಕ ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಜಲಮಂಡಳಿಯ ಬಿಲ್ಲು ತೋರಿಸಿ ಅನ್ನಿ. ಅಂದಹಾಗೆ ಹೆಸರಿಗೆ ಅದು ಕಾವೇರಿ. ಗೊರೂರಿಂದ ಇಳಿದ ನಮ್ಮ ಹೇಮಾವತಿಯೂ ಕೆಆರ್‌ಎಸ್ ಸೇರಿ ಅದರಲ್ಲೇ ಹೋಗುತ್ತಾಳೆ.

ಹುಡುಕುವುದು: ಫೋನಲ್ಲಿ ಆರಿಸಿ, ಕಾಲಲ್ಲಿ ಮುಗಿಸಿ

ಹಾಸನದಲ್ಲಿ ಕೂತು ನೋಬ್ರೋಕರ್, ಮ್ಯಾಜಿಕ್‌ಬ್ರಿಕ್ಸ್, ಹೌಸಿಂಗ್ ಥರದ ಆ್ಯಪ್‌ಗಳಲ್ಲಿ ನೋಡಿದರೆ ಆ ಏರಿಯಾದ ಬಾಡಿಗೆ ಮಟ್ಟ ಗೊತ್ತಾಗುತ್ತದೆ. ಅಷ್ಟಕ್ಕೆ ಅವು ಚೆನ್ನ. ಮನೆಯನ್ನು ಮಾತ್ರ ಕಣ್ಣಾರೆ ನೋಡದೆ ಒಪ್ಪಬೇಡಿ. ಕೆಲಸಕ್ಕೆ ಸೇರುವ ದಿನ ಹತ್ತಿರ ಬಂತು ಅಂತ ಗಾಬರಿಯಾಗಿ ಫೋಟೋ ನೋಡಿ ಹಣ ಹಾಕುವ ಬದಲು, ಮೊದಲ ತಿಂಗಳು ಪಿಜಿಯಲ್ಲೋ ನೆಂಟರ ಮನೆಯಲ್ಲೋ ಇರಿ. ಬೆಂಗಳೂರಲ್ಲಿ ನೆಂಟರಿಲ್ಲದ ಹಾಸನದವರು ಯಾರಿದ್ದಾರೆ ಹೇಳಿ! ಶನಿವಾರ, ಭಾನುವಾರ ಎರಡು ದಿನ ಒಂದೇ ಮೆಟ್ರೋ ಮಾರ್ಗದಲ್ಲಿ ಇಳಿದು ಹತ್ತಿ ನೋಡಿದರೆ ಸಾಕಷ್ಟು ಮನೆ ಸಿಗುತ್ತವೆ. ಬೀದಿಯಲ್ಲಿ ನಡೆದಾಗ ಗೇಟಿಗೆ ನೇತುಹಾಕಿದ ಟು-ಲೆಟ್ ಬೋರ್ಡುಗಳೂ ಕಾಣುತ್ತವೆ. ಅಲ್ಲಿ ಬ್ರೋಕರ್ ಖರ್ಚೂ ಉಳಿಯಬಹುದು. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರನ್ನು ಮಾತಾಡಿಸಿ. ಯಾವ ಫ್ಲ್ಯಾಟ್ ಖಾಲಿ, ಹಿಂದಿನವರು ಯಾಕೆ ಬಿಟ್ಟರು, ಎಲ್ಲ ಅವರಿಗೆ ಗೊತ್ತು.

ಆಷಾಢದ ಲಾಭ ಪಡೆಯಿರಿ. ಆ ತಿಂಗಳು ಮನೆ ಬದಲಾಯಿಸುವವರು ಕಡಿಮೆ. ಮನೆ ಸುಮ್ನೆ ಖಾಲಿ ಬಿದ್ದಿರುತ್ತದೆ, ಓನರ್‌ಗೂ ಚಿಂತೆ. ಚೌಕಾಸಿಗೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಮನೆಯಲ್ಲಿ ಅಮ್ಮ ಒಪ್ಪದಿದ್ದರೆ ಆಷಾಢದಲ್ಲಿ ಮಾತು ಮುಗಿಸಿ, ಹಾಲು ಉಕ್ಕಿಸುವುದನ್ನು ಶ್ರಾವಣಕ್ಕೆ ಇಟ್ಟುಕೊಳ್ಳಿ.

ಮೋಸದ ಮಾತೂ ಹೇಳಬೇಕು. ಬಾಡಿಗೆ ನಂಬಲಾಗದಷ್ಟು ಕಡಿಮೆ, ಫೋಟೋ ಹೋಟೆಲ್ ಥರ. ಫೋನ್ ಮಾಡಿದರೆ 'ನಾನು ಸೈನ್ಯದಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ, ಟೋಕನ್ ಅಡ್ವಾನ್ಸ್ ಹಾಕಿದರೆ ಕೀ ಕಳಿಸುತ್ತೇನೆ' ಅನ್ನುತ್ತಾರೆ. ಇಲ್ಲವೇ ಕ್ಯೂಆರ್ ಕೋಡ್ ಕಳಿಸಿ 'ಸ್ಕ್ಯಾನ್ ಮಾಡಿ, ನಿಮಗೇ ಹಣ ಬರುತ್ತೆ' ಅನ್ನುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿತು ಅಂದರೆ ಹಣ ಹೋಗುತ್ತಿದೆ ಅಂತ ಅರ್ಥ. ಮನೆ ನೋಡುವ ಮೊದಲೇ ಟೋಕನ್, ವಿಸಿಟಿಂಗ್ ಚಾರ್ಜ್, ಗೇಟ್‌ಪಾಸ್ ಅಂತ ಏನೇ ಕೇಳಿದರೂ ಫೋನ್ ಇಡಿ.

ಮನೆ ನೋಡಲು ಹೋದಾಗ

ಖಾಲಿ ಮನೆಯಲ್ಲಿ ತೊಂದರೆ ಕಣ್ಣಿಗೆ ಕಾಣುತ್ತದೆ. ಫರ್ನಿಶ್ಡ್ ಮನೆಯಲ್ಲಿ ಸಾಮಾನು ಅದನ್ನು ಮುಚ್ಚಿಕೊಂಡಿರುತ್ತದೆ. ಸೋಫಾ ಹಿಂದಿನ ಗೋಡೆ ತೇವ ಹಿಡಿದಿರಬಹುದು. ಬೀರುವಿನೊಳಗೆ ಬೂಸ್ಟು ವಾಸನೆ ಇರಬಹುದು. ಕಾರ್ಪೆಟ್ ಅಡಿ ಟೈಲ್ಸ್ ಎದ್ದಿರಬಹುದು. ಮುಜುಗರ ಪಡದೆ ಸೋಫಾ ಎಳೆಯಿರಿ, ಕಾರ್ಪೆಟ್ ಎತ್ತಿ, ಬೀರುವಿನ ಬಾಗಿಲು ತೆಗೆದು ಮೂಸಿ ನೋಡಿ. ನಮ್ಮ ಸಕಲೇಶಪುರದ ಕಡೆಯವರಿಗೆ ಆ ವಾಸನೆ ಹೇಳಿಕೊಡಬೇಕಿಲ್ಲ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ತಿಗಣೆ. ಮೊಬೈಲ್ ಟಾರ್ಚ್ ಹಾಕಿ. ಹಾಸಿಗೆಯ ಅಂಚಿನ ಹೊಲಿಗೆ, ಮಂಚದ ಕೀಲು, ಸ್ಕ್ರೂ ತೂತು, ಸೋಫಾದ ಸಂದಿ ಇವುಗಳಲ್ಲಿ ಕಪ್ಪು ಚುಕ್ಕೆ, ಒಣಗಿದ ಸಿಪ್ಪೆ ಕಂಡರೆ ಆ ಮನೆಯೇ ಬೇಡ. ಅಥವಾ ಓನರ್ ಖರ್ಚಲ್ಲಿ ಪೆಸ್ಟ್ ಕಂಟ್ರೋಲ್ ಮಾಡಿಸಿ, ಹಾಸಿಗೆ ಹೊಸದು ಹಾಕಿಸಿದರೆ ಮಾತ್ರ ಯೋಚಿಸಿ. ಒಮ್ಮೆ ನಿಮ್ಮ ಬಟ್ಟೆ ಬ್ಯಾಗಿಗೆ ಸೇರಿದರೆ ಹಾಸನದ ಮನೆಗೂ ಅದೇ ಬಸ್ಸಲ್ಲಿ ಬರುತ್ತದೆ. ತಿಗಣೆ ಇಲ್ಲದಿದ್ದರೂ ಹಾಸಿಗೆ ಹಳೆಯದಾಗಿದ್ದರೆ 'ಇದನ್ನು ತೆಗೆದುಬಿಡಿ, ನಾನೇ ತರುತ್ತೇನೆ' ಅನ್ನುವುದು ನನ್ನ ಸಲಹೆ. ಯಾರೋ ಮಲಗಿ ಎದ್ದ ಹಾಸಿಗೆಗೆ ಬಾಡಿಗೆ ಕಟ್ಟುವುದರಲ್ಲಿ ಅರ್ಥವಿಲ್ಲ.

ಆಮೇಲೆ ಮಷಿನ್‌ಗಳು. 'ಎಲ್ಲ ವರ್ಕಿಂಗ್ ಕಂಡೀಷನ್' ಅನ್ನುವ ಮಾತು ಬೇಡ, ಹಾಕಿ ನೋಡಿ. ಮನೆಗೆ ಕಾಲಿಟ್ಟ ತಕ್ಷಣ ಗೀಸರ್ ಆನ್ ಮಾಡಿ, ವಾಷಿಂಗ್ ಮಷಿನ್ ಖಾಲಿಯಾಗೇ ಚಿಕ್ಕ ಸೈಕಲ್‌ಗೆ ಹಾಕಿ. ಉಳಿದದ್ದನ್ನು ನೋಡುವಷ್ಟರಲ್ಲಿ ನೀರು ಕಾಯುತ್ತದೆಯಾ, ಮಷಿನ್ ನೀರು ಹೊರಗೆ ಬಿಡುತ್ತದೆಯಾ ಗೊತ್ತಾಗುತ್ತದೆ. ಫ್ರಿಜ್ ಬಾಗಿಲಿನ ರಬ್ಬರ್ ಹರಿದಿದೆಯಾ ನೋಡಿ. ಒಂದು ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ತಂಪು ನಿಲ್ಲುವುದಿಲ್ಲ, ಕರೆಂಟ್ ಬಿಲ್ಲು ಏರುತ್ತದೆ. ಇನ್ವರ್ಟರ್ ಇದ್ದರೆ ಮೇನ್ ಆಫ್ ಮಾಡಿಸಿ ಪರೀಕ್ಷಿಸಿ. ನೀರಿನ ಫಿಲ್ಟರ್ ಕೊನೆಯ ಸಲ ಯಾವಾಗ ಸರ್ವಿಸ್ ಆಯಿತು, ಯಾರು ಮಾಡಿಸಬೇಕು ಅಂತ ಕೇಳಿ. ಎಸಿ ಇದ್ದರೆ ಹತ್ತು ನಿಮಿಷ ಓಡಿಸಿ. ಒಳಗೆ ನೀರು ತೊಟ್ಟಿಕ್ಕಿದರೆ ಸರ್ವಿಸ್ ಆಗದೆ ಕಾಲ ಆಗಿದೆ ಅಂತ ಲೆಕ್ಕ.

ಉಳಿದದ್ದು ಎಲ್ಲ ಮನೆಗೂ ಹೊಂದುವ ಮಾತು. ಎರಡು ನಲ್ಲಿ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡಿ. ಒಳರೂಮಿನಲ್ಲಿ ಮೊಬೈಲ್ ಸಿಗ್ನಲ್ ಬರುತ್ತದಾ ನೋಡಿ. ಹಗಲು ಒಂದು ಸಲ ನೋಡಿದ್ದರೆ ಕತ್ತಲಾದ ಮೇಲೆ ಇನ್ನೊಮ್ಮೆ ಆ ಬೀದಿಗೆ ಹೋಗಿ ಬನ್ನಿ.

ಮನೆ ನಿಜವಾಗಿ ಯಾರದು?

ಕೀ ತಂದು ತೋರಿಸಿದವರೆಲ್ಲ ಓನರ್ ಅಲ್ಲ. ಆಸ್ತಿ ತೆರಿಗೆ ಕಟ್ಟಿದ ಈ ವರ್ಷದ ರಸೀದಿ, ಕರೆಂಟ್ ಬಿಲ್ಲು, ಓನರ್‌ನ ಗುರುತಿನ ಚೀಟಿ, ಈ ಮೂರರಲ್ಲೂ ಹೆಸರು ಹೊಂದಬೇಕು. ಅನುಮಾನ ಇದ್ದರೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಬಹುದು. ನಿಮ್ಮ ಆಧಾರ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಫರ್ನಿಶ್ಡ್ ಮನೆಗಳಲ್ಲಿ ಒಂದು ವಿಶೇಷ ಇದೆ. ಎಷ್ಟೋ ಸಲ ಓನರ್ ವಿದೇಶಕ್ಕೆ ಹೋಗಿರುತ್ತಾರೆ, ಅದಕ್ಕೇ ಸಾಮಾನು ಅಲ್ಲೇ ಉಳಿದಿರುತ್ತದೆ. ಆಗ ಸಹಿ ಹಾಕುವ ಅಣ್ಣನಿಗೋ ಮಾವನಿಗೋ ಪವರ್ ಆಫ್ ಅಟಾರ್ನಿ ಇದೆಯಾ ಕೇಳಿ, ಪ್ರತಿ ಇಟ್ಟುಕೊಳ್ಳಿ. ಜೊತೆಗೆ ತೆರಿಗೆ ಕಾನೂನಿನ ಪ್ರಕಾರ ಓನರ್ ಅನಿವಾಸಿ ಆಗಿದ್ದರೆ ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರನೇ ಶೇ 30ಕ್ಕೂ ಜಾಸ್ತಿ ಟಿಡಿಎಸ್ (ಬಾಡಿಗೆಯಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಇಂಥ ಮನೆ ಹಿಡಿಯುವ ಮುನ್ನ ಒಬ್ಬ ಆಡಿಟರ್‌ನ ಕೇಳಿ. ಓನರ್ ಇಲ್ಲೇ ಇದ್ದರೆ ತಿಂಗಳ ಬಾಡಿಗೆ 50,000 ದಾಟಿದಾಗ ಮಾತ್ರ ಟಿಡಿಎಸ್, ಅದೂ ಶೇ 2.

ಭೋಗ್ಯದ ಬಗ್ಗೆ ಒಂದು ಮಾತು. ಬೆಂಗಳೂರಲ್ಲಿ ಅದನ್ನು ಲೀಸ್ ಅನ್ನುತ್ತಾರೆ. ಲಕ್ಷಗಟ್ಟಲೆ ಹಣ ಒಮ್ಮೆಗೇ ಕೊಟ್ಟು ಬಾಡಿಗೆ ಇಲ್ಲದೆ ಇರುವುದು. ಮಧ್ಯವರ್ತಿಗಳು ಓನರ್‌ಗೆ ತಿಂಗಳ ಬಾಡಿಗೆ ಕೊಡುತ್ತೇವೆ ಅಂತ ಒಪ್ಪಿಸಿ, ನಿಮ್ಮಿಂದ ಲೀಸ್ ಹಣ ಪಡೆದು, ಕೆಲವು ತಿಂಗಳಾದ ಮೇಲೆ ಮಾಯವಾಗುವ ಪ್ರಕರಣಗಳು ನಡೆದಿವೆ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಹರಾಜಿಗೆ ಬಂದರೂ ಕಷ್ಟ. ಓನರ್ ಎದುರಿಗೇ ಕೂತು ಪತ್ರ ಮಾಡದಿದ್ದರೆ ಲೀಸ್ ಬೇಡ.

ಮಾತುಕತೆ

ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೆಯ ಪದ್ಧತಿ. ಮಾತಾಡಿದರೆ ಐದಾರಕ್ಕೆ ಇಳಿಸುವವರು ಇದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇದೆ ಅಂತ ಕೆಲವರು ವಾದಿಸುತ್ತಾರೆ. ಅದು ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಅನ್ವಯ. ಓನರ್ ಮುಂದೆ ಅದನ್ನು ಹಿಡಿದು ಕೂತರೆ ಮನೆ ಇನ್ನೊಬ್ಬರ ಪಾಲಾಗುತ್ತದೆ.

ಬದಲಿಗೆ ಹೀಗೆ ಕೇಳಿ: 'ಇದೇ ಮನೆ ಖಾಲಿ ಕೊಟ್ಟಿದ್ದರೆ ಎಷ್ಟು ಹೇಳುತ್ತಿದ್ದಿರಿ ಸಾರ್? ಅಡ್ವಾನ್ಸ್, ಪೇಂಟಿಂಗ್ ಎರಡನ್ನೂ ಆ ಲೆಕ್ಕಕ್ಕೆ ಇಟ್ಟುಕೊಳ್ಳೋಣ.' ಪೇಂಟಿಂಗ್ ವಿಷಯದಲ್ಲಿ ಇದನ್ನು ಒಪ್ಪುತ್ತಾರೆ. ಅಡ್ವಾನ್ಸ್ ವಿಷಯದಲ್ಲಿ ಸ್ವಲ್ಪ ಕಷ್ಟ, ಸಾಮಾನು ಹಾಳಾದರೆ ಅಂತ ಅವರಿಗೂ ಭಯ ಇರುತ್ತದೆ. ಬೇಡದ ಸಾಮಾನು ವಾಪಸ್ ಕಳಿಸಿ ಬಾಡಿಗೆ ಇಳಿಸಿಕೊಳ್ಳುವುದೂ ಒಂದು ದಾರಿ. ಟಿವಿ ಯಾರು ನೋಡುತ್ತಾರೆ ಈಗ?

ಮೇಂಟೆನೆನ್ಸ್ ಬಾಡಿಗೆಯಲ್ಲಿ ಸೇರಿದೆಯಾ, ನೀರಿಗೆ ಬೇರೆಯಾ, ಪಾರ್ಕಿಂಗ್ ಇದೆಯಾ, ಮನೆ ಸೇರುವಾಗ ಅಸೋಸಿಯೇಷನ್‌ಗೆ ಏನಾದರೂ ಕಟ್ಟಬೇಕಾ, ಇದೆಲ್ಲ ಮೊದಲೇ ಕೇಳಿ. ಮಾಂಸದಡುಗೆ ಮಾಡಬಹುದಾ ಅನ್ನುವುದನ್ನೂ ನೇರವಾಗಿ ಕೇಳಿಬಿಡಿ. ಸುಳ್ಳು ಹೇಳಿ ಸೇರಿಕೊಂಡು ದಿನಾ ಕಿಟಕಿ ಮುಚ್ಚಿ ಸಾರು ಮಾಡುವ ಬಾಳು ಯಾರಿಗೂ ಬೇಡ. ಅಪ್ಪ ಅಮ್ಮ ಊರಿಂದ ಬಂದು ತಿಂಗಳು ಇರುತ್ತಾರೆ ಅನ್ನುವುದನ್ನೂ ಹೇಳಿ ಒಪ್ಪಿಸಿ.

ಸಾಮಾನಿನ ಪಟ್ಟಿ: ಇಡೀ ವ್ಯವಹಾರದ ಗಂಟು ಇಲ್ಲಿದೆ

ಓನರ್ ಕೊಡುವ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಸೋಫಾ 1, ಫ್ರಿಜ್ 1, ಮಂಚ 2, ಫ್ಯಾನ್ 5. ಇದರಿಂದ ನಿಮಗೆ ಏನೂ ರಕ್ಷಣೆ ಇಲ್ಲ. ಮೊದಲೇ ಇದ್ದ ಗೀರು ನಿಮ್ಮ ಲೆಕ್ಕಕ್ಕೆ ಬರುತ್ತದೆ. ನೀವೇ ಪಟ್ಟಿ ಬರೆಯಿರಿ, ಹೀಗೆ:

ಫ್ರಿಜ್ 1. ಕಂಪನಿ, ಸೀರಿಯಲ್ ನಂಬರ್. ಬಾಗಿಲ ಕೆಳಗೆ ಬಲಕ್ಕೆ ಗೀರು. ತರಕಾರಿ ಟ್ರೇ ಬಿರುಕು ಬಿಟ್ಟಿದೆ.
ಸೋಫಾ, ಮೂರು ಸೀಟು. ಎಡಗೈ ಬಟ್ಟೆ ಮಾಸಿದೆ. ಸ್ಪ್ರಿಂಗ್ ಸರಿ ಇದೆ.
ಊಟದ ಮೇಜು. ಮೇಲೆ ಬಿಸಿ ಪಾತ್ರೆ ಇಟ್ಟ ಬಿಳಿ ಕಲೆ, ಎರಡು ಕಡೆ.
ಕೀಲಿಕೈ: ಮುಂಬಾಗಿಲು 2, ಬಾಲ್ಕನಿ 1, ಬೀರು 3. ರಿಮೋಟ್: ಟಿವಿ 1, ಎಸಿ 1.

ಪರದೆ, ಕರ್ಟನ್ ರಾಡು, ಬಾತ್‌ರೂಮಿನ ಕನ್ನಡಿ, ಕಮೋಡಿನ ಮುಚ್ಚಳ ಇಂಥ ಸಣ್ಣವನ್ನೂ ಬಿಡಬೇಡಿ. ಜಗಳ ಆಗುವುದು ಇವುಗಳಿಗೇ. ಪ್ರತಿಯೊಂದರ ಫೋಟೋ ತೆಗೆಯಿರಿ. ಕೀ ಕೈಗೆ ಬಂದ ದಿನವೇ, ನಿಮ್ಮ ಬ್ಯಾಗು ಒಳಗಿಡುವ ಮೊದಲು, ಮುಂಬಾಗಿಲಿಂದ ಬಾಲ್ಕನಿವರೆಗೆ ಒಂದೇ ಉದ್ದ ವಿಡಿಯೋ ಮಾಡಿ. ಗೋಡೆಯ ಮೊಳೆ ತೂತುಗಳೂ ಅದರಲ್ಲಿ ಕಾಣಲಿ. ಅದನ್ನು ಅದೇ ದಿನ ಓನರ್‌ಗೆ ವಾಟ್ಸ್ಆ್ಯಪ್ ಮಾಡಿ, ಇಮೇಲೂ ಮಾಡಿ. ಫೋನ್ ಬದಲಾದರೆ ವಾಟ್ಸ್ಆ್ಯಪ್ ಹೋಗಬಹುದು, ಇಮೇಲ್ ಉಳಿಯುತ್ತದೆ. ಪಟ್ಟಿಗೆ ಇಬ್ಬರೂ ಸಹಿ ಹಾಕಿ ಅಗ್ರಿಮೆಂಟಿನ ಜೊತೆ ಲಗತ್ತಿಸಬೇಕು.

ಪಟ್ಟಿಯ ಕೆಳಗೆ ಎರಡು ವಾಕ್ಯ ಸೇರಿಸಿ. ಒಂದು: 'ದಿನಬಳಕೆಯ ಸಹಜ ಸವೆತಕ್ಕೆ ಹಣ ಕಡಿತ ಇಲ್ಲ.' ಇನ್ನೊಂದು: 'ಹಳೆಯದಾಗಿ ಕೆಟ್ಟರೆ ರಿಪೇರಿ ಓನರ್‌ದು, ಬೀಳಿಸಿ ಒಡೆದರೆ ಬಾಡಿಗೆದಾರರದು, ಅದೂ ಸಾಮಾನಿನ ಈಗಿನ ಬೆಲೆಗೆ.' ಕೊನೆಯ ಆ 'ಈಗಿನ ಬೆಲೆ' ಮುಖ್ಯ. ಇಲ್ಲದಿದ್ದರೆ ಎಂಟು ವರ್ಷ ಹಳೆಯ ಮಿಕ್ಸಿಗೆ ಹೊಸ ಮಿಕ್ಸಿಯ ದುಡ್ಡು ಕೇಳುತ್ತಾರೆ. ಮಧ್ಯದಲ್ಲಿ ಏನಾದರೂ ಕೆಟ್ಟರೆ ರಿಪೇರಿ ಮಾಡಿಸುವ ಮೊದಲು ಫೋಟೋ ಕಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಕೆಲವು ಓನರ್‌ಗಳು ಒಂದು ರೂಮಿಗೋ ಬೀರುವಿಗೋ ಬೀಗ ಹಾಕಿ ತಮ್ಮ ಸಾಮಾನು ಇಟ್ಟಿರುತ್ತಾರೆ. ಬೀರು ಆದರೆ ಪರವಾಗಿಲ್ಲ. 'ಒಳಗಿನದಕ್ಕೆ ಬಾಡಿಗೆದಾರ ಹೊಣೆಯಲ್ಲ' ಅಂತ ಬರೆಸಿ. ರೂಮಿಗೇ ಬೀಗ ಅಂದರೆ ನೀವು ಒಂದು ರೂಮಿಗೆ ಸುಮ್ಮನೆ ಬಾಡಿಗೆ ಕಟ್ಟುತ್ತಿದ್ದೀರಿ. ಬಾಡಿಗೆ ಇಳಿಸಲಿ.

ಅಗ್ರಿಮೆಂಟ್

11 ತಿಂಗಳ ಅಗ್ರಿಮೆಂಟ್ ಯಾಕೆ ಅಂತ ಕೇಳುವವರಿದ್ದಾರೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಕಡ್ಡಾಯವಾಗಿ ನೋಂದಣಿ ಆಗಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು. ಇ-ಸ್ಟ್ಯಾಂಪ್ ಮೇಲೆ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಮಾಡಿಸಿ. ಬ್ರೋಕರ್ ತಂದ ರೆಡಿ ಕಾಗದಕ್ಕೆ ಅಲ್ಲೇ ಸಹಿ ಹಾಕಬೇಡಿ, ಒಂದು ರಾತ್ರಿ ಇಟ್ಟುಕೊಂಡು ಓದಿ.

ಓದುವಾಗ ಲಾಕ್-ಇನ್ ಅನ್ನುವ ಸಾಲು ಹುಡುಕಿ. ಅದು ಆರು ತಿಂಗಳು ಅಂತಿದ್ದರೆ ಮೂರನೇ ತಿಂಗಳು ಬಿಟ್ಟರೂ ಉಳಿದ ಬಾಡಿಗೆ ಕಟ್ಟಬೇಕು. ಕಂಪನಿ ಬೇರೆ ಊರಿಗೆ ಕಳಿಸಬಹುದು ಅನ್ನುವವರು ಅದನ್ನು ತೆಗೆಸಲೇಬೇಕು. ನೋಟಿಸ್ ಅವಧಿ ಇಬ್ಬರಿಗೂ ಒಂದೇ ಇರಲಿ. ಅಡ್ವಾನ್ಸ್ ಹಣ ಬ್ಯಾಂಕ್ ಮೂಲಕವೇ ಹಾಕಿ, ಆ ವ್ಯವಹಾರದ ನಂಬರ್ ಅಗ್ರಿಮೆಂಟಿನಲ್ಲಿ ಬರಲಿ. 'ಕೀ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್' ಅಂತಲೂ ಬರೆಸಿ. ಆಫೀಸಿನಲ್ಲಿ ಹಳೆಯ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳುವವರಿಗೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್‌ನ ಪ್ಯಾನ್ ಬೇಕು. ಸಹಿ ಆಗುವ ಮೊದಲೇ ಕೇಳಿ ಪಡೆಯಿರಿ, ಆಮೇಲೆ ಫೋನ್ ಎತ್ತುವುದಿಲ್ಲ.

ಕೀ ಸಿಕ್ಕ ಮೇಲೆ

ಮುಂಬಾಗಿಲಿನ ಬೀಗ ಬದಲಾಯಿಸಿ. ಹಿಂದಿನ ಬಾಡಿಗೆದಾರರು, ಬ್ರೋಕರ್, ಮನೆಗೆಲಸದವರು, ಎಷ್ಟು ಜನರ ಹತ್ತಿರ ನಕಲಿ ಕೀ ಇದೆಯೋ ಯಾರಿಗೆ ಗೊತ್ತು. ಓನರ್‌ಗೆ ತಿಳಿಸಿಯೇ ಮಾಡಿಸಿ, ಹಳೆಯ ಬೀಗ ಎತ್ತಿಟ್ಟುಕೊಳ್ಳಿ.

ಕರೆಂಟಿನ ವಿಷಯ ಸ್ವಲ್ಪ ಗಮನ ಬೇಡುತ್ತದೆ. ಹಾಸನದಲ್ಲಿ ಸೆಸ್ಕ್, ಬೆಂಗಳೂರಲ್ಲಿ ಬೆಸ್ಕಾಂ. ನಾವು ಎರಡಕ್ಕೂ ಕೆಇಬಿ ಅನ್ನುತ್ತೇವೆ, ಅದು ಬೇರೆ ಮಾತು. ನಿಮ್ಮ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್) ಇದೆಯಾ ನೋಡಿ. ಸಬ್ ಮೀಟರ್ ಇಟ್ಟು ಓನರ್ ತಾನೇ ಯೂನಿಟ್ ದರ ಹೇಳುವ ಮನೆಗಳಲ್ಲಿ ದರ ಎಷ್ಟು ಅಂತ ಬರೆಸಿಕೊಳ್ಳಿ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಆ ಆರ್‌ಆರ್ ನಂಬರ್‌ಗೆ ಹಿಂದಿನವರ ಆಧಾರ್ ಜೋಡಣೆಯಾಗಿದ್ದರೆ ಮೊದಲು ಅದನ್ನು ತೆಗೆಸಬೇಕು. ನೀವೇ ಹಾಸನದ ಮನೆಗೆ ನಿಮ್ಮ ಆಧಾರ್ ಕೊಟ್ಟಿದ್ದರೆ ಅದನ್ನೂ ಸೇವಾಸಿಂಧುವಿನಲ್ಲಿ ಬಿಡಿಸಿಕೊಳ್ಳಬೇಕು. ಅಪ್ಪನ ಹೆಸರಲ್ಲಿದ್ದರೆ ತೊಂದರೆ ಇಲ್ಲ. ಇನ್ನೊಂದು, ಉಚಿತ ಯೂನಿಟ್ ಎಷ್ಟು ಅನ್ನುವುದು ಆ ಮೀಟರಿನ ಹಳೆಯ ಬಳಕೆಯ ಸರಾಸರಿ ಮೇಲೆ ನಿಂತಿರುತ್ತದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಎಸಿ, ಗೀಸರ್, ಹಳೆಯ ಫ್ರಿಜ್ ಮೂರೂ ಇರುವ ಫರ್ನಿಶ್ಡ್ ಮನೆಯಲ್ಲಿ 200 ದಾಟುವುದು ಏನೂ ದೊಡ್ಡದಲ್ಲ. ಮೀಟರ್ ರೀಡಿಂಗ್ ಫೋಟೋ ಮೊದಲ ದಿನವೇ ತೆಗೆದಿಡಿ.

ಖಾಲಿ ಮಾಡುವಾಗ

ನೋಟಿಸ್ ಬಾಯಲ್ಲಿ ಕೊಡಬೇಡಿ, ವಾಟ್ಸ್ಆ್ಯಪ್ ಮತ್ತು ಇಮೇಲ್ ಎರಡರಲ್ಲೂ ತಾರೀಕು ಹಾಕಿ ಕಳಿಸಿ. ಅಡ್ವಾನ್ಸ್ ಬರುವುದು ಅನುಮಾನ ಅಂತ ಕೊನೆಯ ಎರಡು ತಿಂಗಳ ಬಾಡಿಗೆ ಕಟ್ಟದೆ ಇರುವವರಿದ್ದಾರೆ. ಓನರ್ ಒಪ್ಪಿ ಬರಹದಲ್ಲಿ ಕೊಟ್ಟರೆ ಹಾಗೆ ಮಾಡಬಹುದು. ಒಪ್ಪಿಗೆ ಇಲ್ಲದೆ ಮಾಡಿದರೆ ತಪ್ಪು ನಿಮ್ಮ ಕಡೆಗೆ ತಿರುಗುತ್ತದೆ.

ಬಿಡುವ ವಾರಕ್ಕೆ ಮೊದಲೇ ಓನರ್‌ನ ಕರೆದು ಪಟ್ಟಿ ಹಿಡಿದು ಒಂದು ಸುತ್ತು ಹಾಕಿ. ಏನಾದರೂ ಒಡೆದಿದ್ದರೆ ನೀವೇ ರಿಪೇರಿ ಮಾಡಿಸಿ. ಅವರು ಮಾಡಿಸಿದರೆ ಅವರು ಹೇಳಿದ್ದೇ ದರ ಆಗುತ್ತದೆ. ಮನೆ, ಫ್ರಿಜ್, ಚಿಮಣಿ ಸ್ವಚ್ಛ ಮಾಡಿಸಿ ಬಿಲ್ಲು ಇಟ್ಟುಕೊಳ್ಳಿ. ಕಡಿತ ಮಾಡಿದರೆ 'ಯಾವುದಕ್ಕೆ ಎಷ್ಟು' ಅಂತ ಬರಹದಲ್ಲಿ ಕೇಳಿ, ಪೇಂಟಿಂಗ್ ಬಿಟ್ಟು ಉಳಿದ ಪ್ರತಿಯೊಂದಕ್ಕೂ ಬಿಲ್ಲು ಕೇಳಿ. ಮೊದಲ ದಿನದ ವಿಡಿಯೋ ಈಗ ಹೊರಗೆ ಬರಲಿ. ಅದನ್ನು ನೋಡಿದ ಮೇಲೆ ಸೋಫಾದ ಮಾಸಿದ ಬಟ್ಟೆಗೆ ದುಡ್ಡು ಕೇಳುವ ಓನರ್ ಕಡಿಮೆ. ಆಗಲೂ ಹಣ ಕೊಡದೆ ಸತಾಯಿಸಿದರೆ ವಕೀಲರ ಮೂಲಕ ಒಂದು ನೋಟಿಸ್ ಕಳಿಸಿ. ಅಗ್ರಿಮೆಂಟ್, ಪಟ್ಟಿ, ಬ್ಯಾಂಕ್ ದಾಖಲೆ ಮೂರೂ ಇದ್ದರೆ ವಕೀಲರಿಗೂ ಕೆಲಸ ಸುಲಭ.

ಹಣ ಖಾತೆಗೆ ಬಂದ ಮೇಲೆ ಕೀ ಕೊಡಿ. ಎಲ್ಲ ಕೀಲಿಕೈ, ರಿಮೋಟ್ ಎಣಿಸಿ ಒಪ್ಪಿಸಿ 'ಎಲ್ಲ ಸಾಮಾನು ಸರಿಯಾಗಿ ಬಂದಿದೆ, ಬಾಕಿ ಇಲ್ಲ' ಅಂತ ಒಂದು ಸಾಲು ಬರೆಸಿಕೊಳ್ಳಿ. ಕೊನೆಯ ಮೀಟರ್ ರೀಡಿಂಗ್ ಫೋಟೋ ತೆಗೆಯಿರಿ. ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಬಿಡಿಸಿ. ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ಅರ್ಜಿ ಹಾಕುವಾಗ ಈ ಮನೆಯ ಆರ್‌ಆರ್ ನಂಬರ್ ಅಡ್ಡ ಬರುತ್ತದೆ.